ಕ್ಯಾಮೆರಾದ ಕಣ್ಣು

ಕ್ಯಾಮೆರಾ ಎಂಬುದು ಮೂಲತಃ ಒಂದು ಕತ್ತಲೆಯ ಪೆಟ್ಟಿಗೆ. ಆ ಪೆಟ್ಟಿಗೆಗೆ ನೋಟವನ್ನು ಕೊಡುವುದು ಅದರ ಮುಂಭಾಗದಲ್ಲಿರುವ ಮಸೂರ. ವಸ್ತುಗಳಿಂದ ಹೊರಟು ಎಲ್ಲ ದಿಕ್ಕುಗಳಿಗೂ ಚದುರುವ ಬೆಳಕಿನ ಕಿರಣಗಳನ್ನು ಮಸೂರವು ಬಾಗಿಸಿ, ಒಂದೆಡೆ ಕೂಡಿಸಿ, ಪೆಟ್ಟಿಗೆಯ ಹಿಂಬದಿಯಲ್ಲಿ ಸ್ಫುಟವಾದ ಪ್ರತಿಬಿಂಬವನ್ನು ಮೂಡಿಸುತ್ತದೆ. ಆ ಪ್ರತಿಬಿಂಬವನ್ನು ಹಿಡಿದಿಡುವ ಸಾಧನ ಕಾಲಕಾಲಕ್ಕೆ ಬದಲಾಗಿದೆ. ಮೊದಲು ಬೆಳ್ಳಿಯ ಲೇಪವಿದ್ದ ತಾಮ್ರದ ತಗಡು, ಆಮೇಲೆ ಗಾಜಿನ ಫಲಕ, ಅನಂತರ ಫಿಲ್ಮಿನ ಸುರುಳಿ, ಈಗ ವಿದ್ಯುನ್ಮಾನ ಸಂವೇದಕ. ಆದರೆ ಮಸೂರದ ಕೆಲಸ ಮಾತ್ರ ಅಂದಿನಂತೆಯೇ ಇಂದಿಗೂ ಉಳಿದಿದೆ.

ಛಾಯಾಗ್ರಹಣದ ಅಭ್ಯಾಸವನ್ನು ಆರಂಭಿಸಿದವರಿಗೆ ಬೇಗನೆ ಎದುರಾಗುವ ಪ್ರಶ್ನೆಯೆಂದರೆ, ಕ್ಯಾಮೆರಾಕ್ಕೆ ಎಂಥ ಮಸೂರವನ್ನು ಜೋಡಿಸಬೇಕು ಎಂಬುದು. ಅಂಗಡಿಯಲ್ಲಿ ಅವರ ಮುಂದೆ ಎರಡು ಬಗೆಯ ಮಸೂರಗಳನ್ನು ಇಡುತ್ತಾರೆ. ಒಂದು ಗಿಡ್ಡನೆಯದು, ಹಗುರವಾದುದು. ಅದರ ನೋಟವನ್ನು ಹಿಗ್ಗಿಸಲೂ ಬಾರದು, ಕುಗ್ಗಿಸಲೂ ಬಾರದು. ಇನ್ನೊಂದು ಉದ್ದನೆಯದು, ತೂಕವುಳ್ಳದ್ದು. ಅದರ ಮೈಮೇಲಿನ ಬಳೆಯನ್ನು ತಿರುಗಿಸಿದರೆ ದೂರದ ವಸ್ತು ಹತ್ತಿರಕ್ಕೆ ಬಂದಂತೆ ಕಾಣುತ್ತದೆ, ಹಿಂದಕ್ಕೆ ತಿರುಗಿಸಿದರೆ ವಿಶಾಲವಾದ ಬಯಲೆಲ್ಲ ಚೌಕಟ್ಟಿನೊಳಗೆ ಸೇರುತ್ತದೆ. ಮೊದಲನೆಯದು ಸ್ಥಿರ ಮಸೂರ; ಬಳಕೆಯ ಮಾತಿನಲ್ಲಿ ಪ್ರೈಮ್ ಲೆನ್ಸ್. ಎರಡನೆಯದು ಜೂಮ್ ಮಸೂರ. ಮೇಲುನೋಟಕ್ಕೆ ಜೂಮ್ ಮಸೂರವೇ ಲೇಸೆಂದು ತೋರುತ್ತದೆ. ಹಲವು ಉಪಕರಣಗಳ ಕೆಲಸವನ್ನು ಒಂದೇ ಉಪಕರಣ ಮಾಡುತ್ತಿರುವಾಗ, ಒಂದೇ ಕೆಲಸವನ್ನು ಬಲ್ಲ ಉಪಕರಣ ಏತಕ್ಕೆ? ಹೀಗಿದ್ದೂ ಸ್ಥಿರ ಮಸೂರ ಮೂಲೆಗೆ ಬಿದ್ದಿಲ್ಲ. ನುರಿತ ಛಾಯಾಗ್ರಾಹಕರ ಚೀಲದಲ್ಲಿ ಅದಕ್ಕೆ ಇಂದಿಗೂ ಸ್ಥಾನವಿದೆ. ಇದರ ಕಾರಣವನ್ನು ತಿಳಿಯಬೇಕಾದರೆ ಮಸೂರದ ಎರಡು ಗುಣಗಳನ್ನು ಅರಿಯಬೇಕು.

ಮೊದಲನೆಯದು ಸಂಗಮದೂರ. ಬಹುದೂರದಿಂದ ಸಮಾಂತರವಾಗಿ ಬರುವ ಕಿರಣಗಳು ಮಸೂರವನ್ನು ದಾಟಿ ಎಷ್ಟು ದೂರದಲ್ಲಿ ಒಂದು ಬಿಂದುವನ್ನು ಸೇರುತ್ತವೆಯೋ ಅದೇ ಆ ಮಸೂರದ ಸಂಗಮದೂರ. ಇದು ಕಡಮೆಯಾದಷ್ಟೂ ನೋಟ ವಿಶಾಲವಾಗುತ್ತದೆ. ಹೆಚ್ಚಾದಷ್ಟೂ ನೋಟ ಕಿರಿದಾಗಿ ವಸ್ತು ದೊಡ್ಡದಾಗಿ ಕಾಣುತ್ತದೆ. 36 ಮಿ.ಮೀ. ಅಗಲ ಮತ್ತು 24 ಮಿ.ಮೀ. ಎತ್ತರದ ಚೌಕಟ್ಟುಳ್ಳ ಕ್ಯಾಮೆರಾದಲ್ಲಿ 24 ಮಿ.ಮೀ. ಸಂಗಮದೂರದ ಮಸೂರವು ಮೂಲೆಯಿಂದ ಮೂಲೆಗೆ ಸುಮಾರು 84 ಡಿಗ್ರಿಗಳಷ್ಟು ನೋಟವನ್ನು ಒಳಗೊಳ್ಳುತ್ತದೆ. 50 ಮಿ.ಮೀ. ಮಸೂರಕ್ಕೆ ದೊರೆಯುವುದು ಸುಮಾರು 47 ಡಿಗ್ರಿ, 200 ಮಿ.ಮೀ. ಮಸೂರಕ್ಕೆ ಕೇವಲ 12 ಡಿಗ್ರಿ. ಸ್ಥಿರ ಮಸೂರದಲ್ಲಿ ಈ ಸಂಗಮದೂರ ಒಂದೇ. ಜೂಮ್ ಮಸೂರದಲ್ಲಿ ಅದು ಒಂದು ಮಿತಿಯಿಂದ ಇನ್ನೊಂದು ಮಿತಿಯವರೆಗೆ ಬದಲಾಗುತ್ತದೆ.

ಎರಡನೆಯ ಗುಣ ದ್ಯುತಿರಂಧ್ರ. ಎಂದರೆ ಬೆಳಕು ಒಳಬರುವ ಕಂಡಿಯ ಅಗಲ. ಮಳೆ ಸುರಿಯುವಾಗ ಅಂಗಳದಲ್ಲಿ ಬಾಯಗಲದ ಕೊಳಗವನ್ನೂ ಕಿರಿಬಾಯಿಯ ಚೊಂಬನ್ನೂ ಇಟ್ಟರೆ, ಒಂದೇ ಹೊತ್ತಿನಲ್ಲಿ ಕೊಳಗದಲ್ಲಿ ಹೆಚ್ಚು ನೀರು ಸಂಗ್ರಹವಾಗುತ್ತದೆ. ಬೆಳಕಿನ ವಿಷಯವೂ ಹೀಗೆಯೇ. ಸಂಗಮದೂರವನ್ನು ಈ ಕಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಎಫ್ ಸಂಖ್ಯೆ ಎಂದು ಹೆಸರು. 50 ಮಿ.ಮೀ. ಮಸೂರದ ಕಂಡಿ 25 ಮಿ.ಮೀ. ಅಗಲವಿದ್ದರೆ ಅದನ್ನು ಎಫ್/2 ಎಂದು ಬರೆಯುತ್ತಾರೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ಅಗಲ, ಬೆಳಕು ಹೆಚ್ಚು. ಕಂಡಿಯ ವ್ಯಾಸ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟಾಗುವುದರಿಂದ, ಎಫ್/2.8ಕ್ಕಿಂತ ಎಫ್/1.4 ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಬೆಳಕು ನಾಲ್ಕು ಪಟ್ಟಾದಾಗ ಚಿತ್ರ ತೆಗೆಯಲು ಬೇಕಾದ ಕಾಲ ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತದೆ. ಆದುದರಿಂದಲೇ ಅಗಲವಾದ ದ್ಯುತಿರಂಧ್ರವುಳ್ಳ ಮಸೂರವನ್ನು ವೇಗದ ಮಸೂರ ಎಂದು ಕರೆಯುವ ವಾಡಿಕೆ ಬಂದಿದೆ. ಇಲ್ಲಿ ವೇಗವೆಂದರೆ ಮಸೂರದ ಚಲನೆಯಲ್ಲ. ಕ್ಷಣವನ್ನು ಹಿಡಿಯುವ ಸಾಮರ್ಥ್ಯ.

ಈ ವೇಗಕ್ಕಾಗಿ ಮಾನವನು ನಡೆಸಿದ ಪ್ರಯತ್ನ ಛಾಯಾಗ್ರಹಣದಷ್ಟೇ ಹಳೆಯದು. 1839ರಲ್ಲಿ ಫ್ರಾನ್ಸಿನ ದಾಗೇರನ ವಿಧಾನವು ಲೋಕಕ್ಕೆ ಪ್ರಕಟವಾದಾಗ ಬಳಕೆಯಲ್ಲಿದ್ದ ಮಸೂರಗಳ ಕಂಡಿ ಎಫ್/15ರ ಆಸುಪಾಸಿನಲ್ಲಿತ್ತು. ಚಿತ್ರ ಮೂಡಲು ಹಲವು ನಿಮಿಷಗಳೇ ಬೇಕಾಗುತ್ತಿದ್ದುವು. ಮರ, ಮಂದಿರ, ಸೇತುವೆಗಳು ಅಷ್ಟು ಹೊತ್ತು ಅಲುಗದೆ ನಿಂತಾವು. ಮನುಷ್ಯರು ನಿಲ್ಲುವುದು ಹೇಗೆ? ಮರುವರ್ಷವೇ, ಎಂದರೆ 1840ರಲ್ಲಿ, ವಿಯೆನ್ನಾದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಜೋಸೆಫ್ ಪೆಟ್ಸ್‌ವಾಲನು ಲೆಕ್ಕಾಚಾರದ ಬಲದಿಂದಲೇ ಸುಮಾರು ಎಫ್/3.6ರ ಮಸೂರವೊಂದನ್ನು ರೂಪಿಸಿದನು. ಅದು ಹಿಂದಿನವುಗಳಿಗಿಂತ ಹದಿನೈದು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು. ರಾಸಾಯನಿಕ ವಿಧಾನದ ಸುಧಾರಣೆಯೂ ಇದಕ್ಕೆ ಕೂಡಿಬಂದುದರಿಂದ ಜೀವಂತ ಮುಖಗಳ ಚಿತ್ರಣ ಸುಲಭವಾಯಿತು.

ವೇಗದ ಮಸೂರದಿಂದ ಸಮಾಜಕ್ಕೆ ಆದ ಲಾಭವೇನೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. 1924ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಎರ್ನೆಮಾನ್ ಕಾರ್ಖಾನೆಯು ಎಫ್/2 ಮಸೂರವುಳ್ಳ ಎರ್ಮನಾಕ್ಸ್ ಎಂಬ ಚಿಕ್ಕ ಕ್ಯಾಮೆರಾವನ್ನು ಹೊರತಂದಿತು. ಅಂದಿನ ಪತ್ರಿಕಾ ಛಾಯಾಗ್ರಾಹಕರು ಒಳಾಂಗಣದಲ್ಲಿ ಚಿತ್ರ ತೆಗೆಯಬೇಕಾದರೆ ಮೆಗ್ನೀಸಿಯಮ್ ಪುಡಿಯನ್ನು ಸಿಡಿಸಿ ಬೆಳಕು ಮಾಡಬೇಕಾಗಿತ್ತು. ಆ ಹೊಗೆ, ಆ ಝಳಪಿನ ಮುಂದೆ ಸಹಜವಾಗಿರುವವರು ಯಾರು? ಕಾನೂನು ಓದಿದ್ದ ಎರಿಕ್ ಸಾಲೊಮನ್ ಎಂಬ ಬರ್ಲಿನಿನ ನಿವಾಸಿ ಈ ಹೊಸ ಕ್ಯಾಮೆರಾವನ್ನು ಹಿಡಿದು, ಇದ್ದ ಬೆಳಕಿನಲ್ಲಿಯೇ ಚಿತ್ರ ತೆಗೆಯತೊಡಗಿದನು. 1928ರಲ್ಲಿ ಅದನ್ನು ತನ್ನ ಟೊಪ್ಪಿಗೆಯಲ್ಲಿ ಮರೆಮಾಡಿಕೊಂಡು ನ್ಯಾಯಾಲಯದ ವಿಚಾರಣೆಯನ್ನು ಚಿತ್ರಿಸಿದನು. 1930ರಲ್ಲಿ ಹೇಗ್ ನಗರದ ಸಮ್ಮೇಳನದಲ್ಲಿ, ನಡುರಾತ್ರಿ ಕಳೆದ ಮೇಲೆ ಆಸನಗಳಲ್ಲಿ ಬಳಲಿ ಒರಗಿದ್ದ ಮಂತ್ರಿಗಳನ್ನು ಕಂಡಂತೆಯೇ ಸೆರೆಹಿಡಿದನು. ರಾಷ್ಟ್ರಗಳ ಹಣೆಬರಹವನ್ನು ನಿರ್ಣಯಿಸುವವರು ಮುಚ್ಚಿದ ಬಾಗಿಲುಗಳ ಹಿಂದೆ ಹೇಗಿರುತ್ತಾರೆ ಎಂಬುದನ್ನು ಜನಸಾಮಾನ್ಯರು ಕಂಡರು. ಯೆಹೂದ್ಯನಾಗಿದ್ದ ಸಾಲೊಮನ್ 1944ರಲ್ಲಿ ನಾಜಿಗಳ ಆಷ್‌ವಿಟ್ಸ್ ಶಿಬಿರದಲ್ಲಿ ಕೊಲೆಯಾದನು. ಅವನ ಚಿತ್ರಗಳು ಉಳಿದುವು.

ಹಾಗಾದರೆ ಜೂಮ್ ಮಸೂರಕ್ಕೂ ಇಷ್ಟೇ ಅಗಲವಾದ ಕಂಡಿಯನ್ನು ಏಕೆ ಕೊಡಬಾರದು? ಇದರ ಉತ್ತರ ಗಾಜಿನ ಸ್ವಭಾವದಲ್ಲಿದೆ. ಒಂದೇ ಗಾಜಿನ ತುಂಡು ಬೆಳಕನ್ನು ಪರಿಪೂರ್ಣವಾಗಿ ಒಂದೆಡೆ ಕೂಡಿಸಲಾರದು. ಅಂಚಿನ ಕಿರಣಗಳು ಒಂದು ಕಡೆ, ನಡುವಿನ ಕಿರಣಗಳು ಇನ್ನೊಂದು ಕಡೆ ಸೇರುತ್ತವೆ. ಕೆಂಪು ಬಣ್ಣ ಒಂದೆಡೆ ಕೂಡಿದರೆ ನೀಲಿ ಬಣ್ಣ ಮತ್ತೊಂದೆಡೆ ಕೂಡುತ್ತದೆ. ಈ ದೋಷಗಳನ್ನು ನಿವಾರಿಸಲು ಪೀನ ಮತ್ತು ನಿಮ್ನ ಮಸೂರಗಳನ್ನು ಜೊತೆಗೂಡಿಸಿ, ಒಂದರ ದೋಷವನ್ನು ಇನ್ನೊಂದು ತಿದ್ದುವಂತೆ ಮಾಡಬೇಕು. ಕಂಡಿ ಅಗಲವಾದಷ್ಟೂ ಈ ದೋಷಗಳು ಬೆಳೆಯುತ್ತವೆ. ಸ್ಥಿರ ಮಸೂರದಲ್ಲಿ ಒಂದೇ ಸಂಗಮದೂರಕ್ಕೆ ತಿದ್ದುಪಡಿ ಮಾಡಿದರೆ ಸಾಕು. 50 ಮಿ.ಮೀ., ಎಫ್/1.8ರ ಉತ್ತಮ ಮಸೂರವನ್ನು ಆರು ಗಾಜುಗಳಲ್ಲಿಯೇ ಕಟ್ಟಬಹುದು. ಜೂಮ್ ಮಸೂರದಲ್ಲಿ ಗಾಜುಗಳ ಗುಂಪುಗಳು ಹಿಂದೆ ಮುಂದೆ ಸರಿಯುತ್ತ ಸಂಗಮದೂರವನ್ನು ಬದಲಾಯಿಸುತ್ತವೆ. ಅವು ಸರಿದ ಪ್ರತಿಯೊಂದು ನೆಲೆಯಲ್ಲಿಯೂ ಎಲ್ಲ ದೋಷಗಳೂ ಹತೋಟಿಯಲ್ಲಿರಬೇಕು. ಆದುದರಿಂದ ಅದಕ್ಕೆ ಹದಿನೈದು, ಇಪ್ಪತ್ತು ಗಾಜುಗಳು ಬೇಕಾಗುವುದುಂಟು. ಗಾಜು ಹೆಚ್ಚಿದಂತೆ ತೂಕವೂ ಬೆಲೆಯೂ ಹೆಚ್ಚುತ್ತವೆ. ಅಗ್ಗದ ಜೂಮ್ ಮಸೂರಗಳಲ್ಲಿ ತಯಾರಕರು ಕಂಡಿಯನ್ನು ಕಿರಿದುಗೊಳಿಸಿ ಈ ತೊಡಕಿನಿಂದ ಪಾರಾಗುತ್ತಾರೆ. ಹೊಸ ಕ್ಯಾಮೆರಾದೊಡನೆ ಸಾಮಾನ್ಯವಾಗಿ ದೊರೆಯುವ 18ರಿಂದ 55 ಮಿ.ಮೀ. ಜೂಮ್ ಮಸೂರದ ಕಂಡಿ ಒಂದು ತುದಿಯಲ್ಲಿ ಎಫ್/3.5 ಇದ್ದು, ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಎಫ್/5.6ಕ್ಕೆ ಕುಗ್ಗುವುದು ಇದೇ ಕಾರಣದಿಂದ.

ಇಷ್ಟೆಲ್ಲ ತೊಡಕಿದ್ದರೂ ಜೂಮ್ ಮಸೂರಕ್ಕಾಗಿ ಜನ ಹಂಬಲಿಸಿದುದು ಸಹಜವೇ. ಚಲನಚಿತ್ರ ಮತ್ತು ದೂರದರ್ಶನದ ಕ್ಯಾಮೆರಾಗಳಲ್ಲಿ ಅದು ಮೊದಲು ನೆಲೆಗೊಂಡಿತು. ಫ್ರಾಂಕ್ ಬ್ಯಾಕ್ ಎಂಬ ಎಂಜಿನಿಯರನು ರೂಪಿಸಿದ 36ರಿಂದ 82 ಮಿ.ಮೀ.ವರೆಗಿನ, ಎಫ್/2.8ರ ಜೂಮಾರ್ ಮಸೂರವು 1959ರಲ್ಲಿ ಮಾರುಕಟ್ಟೆಗೆ ಬಂದಾಗ ಸ್ಥಿರಚಿತ್ರಗಳ 35 ಮಿ.ಮೀ. ಕ್ಯಾಮೆರಾಗಳಿಗೂ ಆ ಸೌಲಭ್ಯ ದೊರೆಯಿತು. ಅನಂತರ ಗಣಕಯಂತ್ರಗಳ ನೆರವಿನಿಂದ ಮಸೂರಗಳ ವಿನ್ಯಾಸ ಸುಲಭವಾಗಿ, ಜೂಮ್ ಮಸೂರಗಳ ಗುಣಮಟ್ಟ ಬಹಳವಾಗಿ ಏರಿತು.

ಅಗಲವಾದ ಕಂಡಿ ಬೆಳಕನ್ನು ಕೊಡುವುದಾದರೂ ಅದೂ ತನ್ನ ಬೆಲೆಯನ್ನು ಕೇಳದೆ ಬಿಡುವುದಿಲ್ಲ. ಕಂಡಿ ಹಿಗ್ಗಿದಂತೆ, ಚಿತ್ರದಲ್ಲಿ ಸ್ಫುಟವಾಗಿ ಕಾಣುವ ಆಳ ಕುಗ್ಗುತ್ತದೆ. ಒಂದೂವರೆ ಮೀಟರು ದೂರದಲ್ಲಿ ಕುಳಿತವರ ಚಿತ್ರವನ್ನು 50 ಮಿ.ಮೀ. ಮಸೂರದಿಂದ ಎಫ್/8ರಲ್ಲಿ ತೆಗೆದರೆ 40 ಸೆಂ.ಮೀ.ಗೂ ಹೆಚ್ಚಿನ ಆಳ ಸ್ಫುಟವಾಗಿರುತ್ತದೆ. ಅದೇ ಚಿತ್ರವನ್ನು ಎಫ್/1.8ರಲ್ಲಿ ತೆಗೆದರೆ ಆ ಆಳ ಸುಮಾರು 10 ಸೆಂ.ಮೀ.ಗೆ ಇಳಿಯುತ್ತದೆ. ಕಣ್ಣು ಸ್ಫುಟವಾಗಿದ್ದು ಕಿವಿ ಮಸುಕಾಗುತ್ತದೆ. ಹಿನ್ನೆಲೆ ಕರಗಿ ಬಣ್ಣದ ತೆರೆಯಂತಾಗುತ್ತದೆ. ಒಬ್ಬರ ಮುಖವನ್ನು ಗದ್ದಲದ ಸಂತೆಯಿಂದ ಬೇರ್ಪಡಿಸಿ ತೋರಿಸಬೇಕಾದಾಗ ಇದು ವರ. ಹತ್ತು ಜನರ ಕುಟುಂಬವನ್ನು ಎರಡು ಸಾಲಿನಲ್ಲಿ ನಿಲ್ಲಿಸಿ ಚಿತ್ರ ತೆಗೆಯುವಾಗ ಇದೇ ಶಾಪ.

ಜೂಮ್ ಮಸೂರದ ಬಗೆಗೆ ಒಂದು ತಪ್ಪು ತಿಳಿವಳಿಕೆಯೂ ವ್ಯಾಪಕವಾಗಿದೆ. ಬಳೆಯನ್ನು ತಿರುಗಿಸುವುದೂ ಕಾಲಿನಿಂದ ನಡೆದು ಹತ್ತಿರ ಹೋಗುವುದೂ ಒಂದೇ ಎಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ದೇವಾಲಯದ ಗೋಪುರದ ಮುಂದೆ ಒಬ್ಬನು ನಿಂತಿದ್ದಾನೆ; ಗೋಪುರ ಅವನಿಗೆ 20 ಮೀಟರು ಹಿಂದಿದೆ ಎಂದು ಭಾವಿಸಬಹುದು. ಅವನಿಗೆ 5 ಮೀಟರು ಎದುರಿನಲ್ಲಿ ನಿಂತು 50 ಮಿ.ಮೀ. ಮಸೂರದಿಂದ ಚಿತ್ರ ತೆಗೆಯುವವನಿಗೆ ಗೋಪುರ 25 ಮೀಟರು ದೂರ, ಎಂದರೆ ಮನುಷ್ಯನ ಐದರಷ್ಟು ದೂರ. ಈಗ ಅವನು 15 ಮೀಟರು ಹಿಂದಕ್ಕೆ ಸರಿದು 200 ಮಿ.ಮೀ. ಮಸೂರವನ್ನು ಬಳಸಿದರೆ, ಮನುಷ್ಯನಿರುವುದು 20 ಮೀಟರು ದೂರದಲ್ಲಿ, ಗೋಪುರ 40 ಮೀಟರು ದೂರದಲ್ಲಿ. ಚಿತ್ರದಲ್ಲಿ ಮನುಷ್ಯನ ಗಾತ್ರ ಮೊದಲಿನಷ್ಟೇ ಇರುತ್ತದೆ; ಗೋಪುರವಾದರೋ ಎರಡೂವರೆ ಪಟ್ಟು ದೊಡ್ಡದಾಗಿ ಅವನ ಹಿಂದೆ ಎದ್ದು ನಿಲ್ಲುತ್ತದೆ. ಒಂದೇ ಜಾಗದಲ್ಲಿ ನಿಂತು ಬಳೆಯನ್ನು ಮಾತ್ರ ತಿರುಗಿಸಿದ್ದರೆ ಎರಡೂ ಸಮನಾಗಿ ಹಿಗ್ಗುತ್ತಿದ್ದುವೇ ಹೊರತು ಅವುಗಳ ಪರಸ್ಪರ ಪ್ರಮಾಣ ಬದಲಾಗುತ್ತಿರಲಿಲ್ಲ. ವಸ್ತುಗಳ ಪರಸ್ಪರ ಪ್ರಮಾಣವನ್ನು ನಿರ್ಣಯಿಸುವುದು ನಿಂತ ನೆಲ. ಚೌಕಟ್ಟಿನ ಎಲ್ಲೆಯನ್ನು ನಿರ್ಣಯಿಸುವುದು ಮಸೂರ. ಸ್ಥಿರ ಮಸೂರವುಳ್ಳವನು ನಡೆಯಲೇಬೇಕಾಗುವುದರಿಂದ ಈ ಪಾಠವನ್ನು ಬೇಗ ಕಲಿಯುತ್ತಾನೆ. ಜೂಮ್ ಮಸೂರವುಳ್ಳವನು ಮೊದಲು ನಿಲ್ಲಬೇಕಾದ ಜಾಗವನ್ನು ಹುಡುಕಿ, ಆಮೇಲೆ ಬಳೆಯನ್ನು ತಿರುಗಿಸುವುದನ್ನು ರೂಢಿಸಿಕೊಳ್ಳಬೇಕು.

ಈ ಎರಡು ಬಗೆಯ ಮಸೂರಗಳ ಶಕ್ತಿಯೂ ಮಿತಿಯೂ ಒಂದೇ ಕೃತಿಯಲ್ಲಿ ಪ್ರಕಟವಾಗಿರುವುದನ್ನು 1975ರ ‘ಬ್ಯಾರಿ ಲಿಂಡನ್’ ಎಂಬ ಚಲನಚಿತ್ರದಲ್ಲಿ ಕಾಣಬಹುದು. ಸ್ಟ್ಯಾನ್ಲಿ ಕ್ಯೂಬ್ರಿಕ್ ನಿರ್ದೇಶಿಸಿದ ಈ ಚಿತ್ರದ ಕಥೆ ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ನಡೆಯುತ್ತದೆ. ವಿದ್ಯುದ್ದೀಪಗಳಿಲ್ಲದ ಆ ಕಾಲದ ರಾತ್ರಿಯನ್ನು ಮೇಣದ ಬತ್ತಿಗಳ ಬೆಳಕಿನಲ್ಲಿಯೇ ತೋರಿಸಬೇಕೆಂಬುದು ನಿರ್ದೇಶಕನ ಸಂಕಲ್ಪವಾಗಿತ್ತು. ಸಾಮಾನ್ಯ ಮಸೂರಗಳಿಗೆ ಆ ಬೆಳಕು ಸಾಲದು. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾಕ್ಕಾಗಿ ಜರ್ಮನಿಯ ಜೈಸ್ ಸಂಸ್ಥೆಯು ನಿರ್ಮಿಸಿದ್ದ 50 ಮಿ.ಮೀ., ಎಫ್/0.7ರ ಸ್ಥಿರ ಮಸೂರವನ್ನು ಅವನು ತರಿಸಿದನು. ಅದರ ಹಿಂತುದಿ ಫಿಲ್ಮಿಗೆ ತೀರ ಸಮೀಪ ಬರುತ್ತಿದ್ದುದರಿಂದ ಕ್ಯಾಮೆರಾವನ್ನೇ ಕೊರೆದು ಮಾರ್ಪಡಿಸಬೇಕಾಯಿತು. ಸ್ಫುಟತೆಯ ಆಳ ಎಷ್ಟು ಕಿರಿದಾಗಿತ್ತೆಂದರೆ, ನಟರು ಮುಂದಕ್ಕೂ ಹಿಂದಕ್ಕೂ ಬಾಗದಂತೆ ಎಚ್ಚರದಿಂದ ಅಭಿನಯಿಸಬೇಕಾಗಿತ್ತು.

ಅದೇ ಚಿತ್ರದ ಹೊರಾಂಗಣ ದೃಶ್ಯಗಳಿಗೆ ಬೇಕಾದುದು ಬೇರೊಂದು ಗುಣ. ಒಂದು ಕೈ, ಒಂದು ಮುಖ ಮೊದಲಿಗೆ ಕಾಣುತ್ತದೆ. ನೋಟ ಮೆಲ್ಲಮೆಲ್ಲನೆ ಹಿಗ್ಗುತ್ತ ಹೋಗಿ, ಸುತ್ತಣ ಬಯಲು, ಮರ, ಮುಗಿಲುಗಳ ನಡುವೆ ಆ ಮನುಷ್ಯ ಎಷ್ಟು ಅಲ್ಪನೆಂಬುದನ್ನು ತೋರಿಸುತ್ತದೆ. ಇದಕ್ಕಾಗಿ 24ರಿಂದ 480 ಮಿ.ಮೀ.ವರೆಗೆ, ಎಂದರೆ ಇಪ್ಪತ್ತು ಪಟ್ಟು ಹಿಗ್ಗಬಲ್ಲ ಜೂಮ್ ಮಸೂರವನ್ನು ಸಿದ್ಧಪಡಿಸಲಾಯಿತು. ಆದರೆ ಅದು ಒಳಬಿಡುತ್ತಿದ್ದ ಬೆಳಕು ಎಫ್/9ರಷ್ಟು ಮಾತ್ರ. ಜೈಸ್ ಮಸೂರ ಅದಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ಬೆಳಕನ್ನು ಸಂಗ್ರಹಿಸುತ್ತಿತ್ತು. ಹಗಲಿನ ಬಯಲಿನಲ್ಲಿ ಬೆಳಕಿಗೆ ಬರವಿಲ್ಲ. ಮೇಣದ ಬತ್ತಿಯ ಕೋಣೆಯಲ್ಲಿ ಆ ಜೂಮ್ ಮಸೂರ ಕುರುಡು. ಕೋಣೆಯಲ್ಲಿ ಕಣ್ಣಾದ ಸ್ಥಿರ ಮಸೂರಕ್ಕೆ ಬಯಲಿನ ಆ ನಿಧಾನವಾದ ಹಿಗ್ಗುವಿಕೆ ಸಾಧ್ಯವೇ ಇಲ್ಲ. ಈ ಚಿತ್ರದ ಛಾಯಾಗ್ರಹಣಕ್ಕಾಗಿ ಜಾನ್ ಆಲ್ಕಾಟನಿಗೆ ಆಸ್ಕರ್ ಪ್ರಶಸ್ತಿ ದೊರೆಯಿತು. ಎರಡು ಮಸೂರಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲಿಲ್ಲ. ಎಲ್ಲಿ ಯಾವುದು ಬೇಕು ಎಂಬುದನ್ನಷ್ಟೇ ಕೇಳಿದರು.

ಕನ್ನಡನಾಡಿನ ಛಾಯಾಗ್ರಾಹಕರ ಅನುಭವವೂ ಇದಕ್ಕಿಂತ ಬೇರೆಯಲ್ಲ. ರಾತ್ರಿಯ ಯಕ್ಷಗಾನದಲ್ಲಿ ವೇಷಧಾರಿ ಗಿರ್ರನೆ ಸುತ್ತುವ ಕ್ಷಣವನ್ನು ಹಿಡಿಯಬೇಕಾದರೆ ಷಟರು ಸೆಕೆಂಡಿನ 125ನೆಯ ಒಂದಂಶಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂದು ಇಟ್ಟುಕೊಳ್ಳೋಣ. ರಂಗಸ್ಥಳದ ಬೆಳಕು ಎಫ್/1.8ರ ಮಸೂರಕ್ಕೆ ಅಷ್ಟರಲ್ಲಿಯೇ ಸಾಕಾದರೆ, ಎಫ್/5.6ರ ಜೂಮ್ ಮಸೂರಕ್ಕೆ ಸುಮಾರು ಹತ್ತು ಪಟ್ಟು ಕಾಲ, ಎಂದರೆ ಸೆಕೆಂಡಿನ 12ನೆಯ ಒಂದಂಶ ಬೇಕಾಗುತ್ತದೆ. ಅಷ್ಟರಲ್ಲಿ ಕಿರೀಟವೂ ಕೈಯೂ ಕಲಸಿಹೋಗುತ್ತವೆ. ಮಿಂಚುದೀಪವನ್ನು ಸಿಡಿಸಿದರೆ ಕಲಾವಿದನ ಏಕಾಗ್ರತೆಗೆ ಭಂಗ. ರಂಗದ ಬೆಳಕಿನ ಸೊಬಗೂ ಹಾಳು. ಅಲ್ಲಿ ವೇಗದ ಸ್ಥಿರ ಮಸೂರವೇ ಸರಿ. ಆದರೆ ಅದೇ ಛಾಯಾಗ್ರಾಹಕನು ಮರುದಿನ ರಂಗನತಿಟ್ಟಿನಲ್ಲಿ ದೋಣಿಯೇರಿದನೆಂದರೆ ಸ್ಥಿತಿ ತಿರುಗುಮುರುಗಾಗುತ್ತದೆ. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ ಕೊಕ್ಕರೆಗಳ ಬಳಿಗೆ ನಡೆದುಹೋಗುವುದು ಅಸಾಧ್ಯ. ಹೋದರೆ ಅದು ಹಕ್ಕಿಗಳಿಗೆ ಮಾಡುವ ಅಪಚಾರ. ದೋಣಿ ತೇಲಿದಂತೆ ದೂರ ಬದಲಾಗುತ್ತಿರುತ್ತದೆ. ಬಿಸಿಲು ಬೇಕಾದಷ್ಟಿರುತ್ತದೆ. ಅಲ್ಲಿ ದೀರ್ಘ ಸಂಗಮದೂರದವರೆಗೆ ಚಾಚಬಲ್ಲ ಜೂಮ್ ಮಸೂರವೇ ಆಪ್ತಮಿತ್ರ. ಮದುವೆಯ ಮನೆಯಲ್ಲಿಯೂ ಅಷ್ಟೆ. ಧಾರೆಯ ಗಳಿಗೆ ಮಸೂರ ಬದಲಾಯಿಸುವವನಿಗಾಗಿ ಕಾಯುವುದಿಲ್ಲ.

ವಿಜ್ಞಾನದ ಮುನ್ನಡೆಯಿಂದ ಈ ಎರಡರ ನಡುವಣ ಅಂತರ ಕಡಮೆಯಾಗುತ್ತಿದೆ. 2013ರಲ್ಲಿ ಜಪಾನಿನ ಸಿಗ್ಮಾ ಸಂಸ್ಥೆಯು 18ರಿಂದ 35 ಮಿ.ಮೀ.ವರೆಗೆ ಎಫ್/1.8ರ ಕಂಡಿಯನ್ನೇ ಉಳಿಸಿಕೊಳ್ಳುವ ಜೂಮ್ ಮಸೂರವನ್ನು ಹೊರತಂದಿತು. 2018ರಲ್ಲಿ ಕ್ಯಾನನ್ ಸಂಸ್ಥೆಯು 28ರಿಂದ 70 ಮಿ.ಮೀ.ವರೆಗಿನ ಎಫ್/2 ಜೂಮ್ ಮಸೂರವನ್ನು ತಯಾರಿಸಿತು. ಆದರೆ ಈ ಎರಡನೆಯದರ ತೂಕ 1,400 ಗ್ರಾಂಗಿಂತಲೂ ಹೆಚ್ಚು, 50 ಮಿ.ಮೀ., ಎಫ್/1.8ರ ಹಗುರವಾದ ಸ್ಥಿರ ಮಸೂರದ ತೂಕ 200 ಗ್ರಾಂನೊಳಗೆ. ಪ್ರಕೃತಿಯ ನಿಯಮ ಒಂದೆಡೆ ಕೊಟ್ಟುದನ್ನು ಇನ್ನೊಂದೆಡೆ ಕಿತ್ತುಕೊಳ್ಳದೆ ಬಿಡಲಿಲ್ಲ. ಇಂದಿನ ಸಂವೇದಕಗಳು ಮಂದ ಬೆಳಕಿನಲ್ಲಿಯೂ ಚೆನ್ನಾಗಿ ಕೆಲಸ ಮಾಡುವುದರಿಂದ ಕಿರಿದಾದ ಕಂಡಿಯ ಕೊರತೆ ಒಂದಷ್ಟು ತುಂಬುತ್ತದೆ. ಆದರೂ ಅವುಗಳ ಸಂವೇದಿತೆಯನ್ನು ಮಿತಿಮೀರಿ ಏರಿಸಿದರೆ ಚಿತ್ರದಲ್ಲಿ ಮರಳು ಎರಚಿದಂತೆ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಕೈಯ ನಡುಕವನ್ನು ಸರಿದೂಗಿಸುವ ಯಂತ್ರಭಾಗಗಳೂ ಬಂದಿವೆ. ಅವು ಛಾಯಾಗ್ರಾಹಕನ ಕೈಯನ್ನು ನಿಲ್ಲಿಸಬಲ್ಲವೇ ಹೊರತು ಕುಣಿಯುವ ಕಲಾವಿದನ ಕಾಲನ್ನಲ್ಲ. ಜನರ ಜೇಬಿನಲ್ಲಿರುವ ಮೊಬೈಲ್ ಫೋನಿನ ಬೆನ್ನ ಮೇಲೆ ಎರಡು ಮೂರು ಕಣ್ಣುಗಳಿರುವುದಕ್ಕೂ ಕಾರಣ ಇದೇ. ಅಷ್ಟು ತೆಳ್ಳನೆಯ ಪೆಟ್ಟಿಗೆಯಲ್ಲಿ ಸರಿದಾಡುವ ಜೂಮ್ ಮಸೂರಕ್ಕೆ ಎಡೆ ದೊರೆಯುವುದು ಕಷ್ಟ. ಆದುದರಿಂದ ತಯಾರಕರು ಬೇರೆಬೇರೆ ಸಂಗಮದೂರದ ಪುಟ್ಟ ಸ್ಥಿರ ಮಸೂರಗಳನ್ನೇ ಸಾಲಾಗಿ ಇಟ್ಟಿದ್ದಾರೆ.

ಹೊಸದಾಗಿ ಕಲಿಯುವವರು ಆರಿಸುವುದು ಹೇಗೆ? ಇತರರ ಚೀಲವನ್ನು ನೋಡಿ ಆರಿಸುವುದು ಸರಿಯಲ್ಲ. ತಾವು ಯಾವುದನ್ನು ಚಿತ್ರಿಸಬೇಕೆಂದಿದ್ದೇವೆ, ಅಲ್ಲಿ ಬೆಳಕು ಎಷ್ಟಿದೆ, ವಸ್ತುವಿನ ಬಳಿಗೆ ನಡೆದುಹೋಗುವ ಸ್ವಾತಂತ್ರ್ಯವಿದೆಯೆ, ಎಷ್ಟು ಭಾರವನ್ನು ಎಷ್ಟು ಹೊತ್ತು ಹೊರಬಲ್ಲೆವು ಎಂಬ ಪ್ರಶ್ನೆಗಳನ್ನು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು. ಕ್ಯಾಮೆರಾದೊಡನೆ ಬಂದ ಸಾಮಾನ್ಯ ಜೂಮ್ ಮಸೂರದಲ್ಲಿ ಕೆಲವು ತಿಂಗಳು ಅಭ್ಯಾಸ ಮಾಡುವುದು ಒಳ್ಳೆಯದು. ಡಿಜಿಟಲ್ ಕ್ಯಾಮೆರಾಗಳು ಪ್ರತಿಯೊಂದು ಚಿತ್ರವನ್ನೂ ಯಾವ ಸಂಗಮದೂರದಲ್ಲಿ ತೆಗೆಯಲಾಯಿತೆಂಬುದನ್ನು ಚಿತ್ರದೊಡನೆಯೇ ದಾಖಲಿಸುತ್ತವೆ. ಉತ್ತಮವೆನಿಸಿದ ಚಿತ್ರಗಳ ದಾಖಲೆಯನ್ನು ಪರಿಶೀಲಿಸಿದರೆ ತಮ್ಮ ಕಣ್ಣಿನ ಒಲವು ಯಾವ ಕಡೆಗೆಂಬುದು ತಿಳಿಯುತ್ತದೆ. ಬೆಳಕಿನ ಅಭಾವದಿಂದ ಕೈತಪ್ಪಿದ ಚಿತ್ರಗಳೇ ಹೆಚ್ಚಾಗಿದ್ದರೆ, ತಮಗೆ ಒಪ್ಪುವ ಸಂಗಮದೂರದ ಒಂದು ವೇಗದ ಸ್ಥಿರ ಮಸೂರವನ್ನು ಕೊಳ್ಳಬಹುದು. ಚೌಕಟ್ಟನ್ನು ಸಕಾಲದಲ್ಲಿ ಬದಲಾಯಿಸಲಾಗದೆ ತಪ್ಪಿದವೇ ಹೆಚ್ಚಾಗಿದ್ದರೆ ಜೂಮ್ ಮಸೂರದಲ್ಲಿಯೇ ಮುಂದುವರಿದು, ಕಾಲಾಂತರದಲ್ಲಿ ಅದಕ್ಕಿಂತ ಅಗಲವಾದ ಕಂಡಿಯುಳ್ಳುದನ್ನು ಹೊಂದಬಹುದು. ಹೀಗೆ ಮಾಡಿದಾಗ ಕೊಂಡ ವಸ್ತು ಕೆಲಸಕ್ಕೆ ಬರುತ್ತದೆ, ಹಣವೂ ವ್ಯರ್ಥವಾಗುವುದಿಲ್ಲ.

ಎಲ್ಲ ಕೆಲಸಗಳಿಗೂ ಒಪ್ಪುವ ಪರಿಪೂರ್ಣವಾದ ಮಸೂರವನ್ನು ಇದುವರೆಗೆ ಯಾರೂ ನಿರ್ಮಿಸಿಲ್ಲ. ಬೆಳಕು, ವ್ಯಾಪ್ತಿ, ತೂಕ, ಬೆಲೆ ಈ ನಾಲ್ಕರಲ್ಲಿ ಒಂದನ್ನು ಹೆಚ್ಚಾಗಿ ಪಡೆಯಬೇಕಾದರೆ ಉಳಿದವುಗಳಲ್ಲಿ ಯಾವುದನ್ನಾದರೂ ಬಿಟ್ಟುಕೊಡಲೇಬೇಕು. ತನ್ನ ಕೆಲಸಕ್ಕೆ ಯಾವುದು ಅನಿವಾರ್ಯ, ಯಾವುದನ್ನು ಬಿಟ್ಟರೂ ನಡೆದೀತು ಎಂಬುದನ್ನು ಬಲ್ಲವನೇ ಜಾಣನಾದ ಛಾಯಾಗ್ರಾಹಕ. ಕಳೆದ ಕ್ಷಣ ಮರಳಿ ಬಾರದು. ಆ ಕ್ಷಣ ಬಂದಾಗ ಕೈಯಲ್ಲಿರುವ ಮಸೂರ ಅದಕ್ಕೆ ತಕ್ಕುದಾಗಿದ್ದರೆ, ಅದರ ಆಯ್ಕೆ ಸಾರ್ಥಕವಾದಂತೆ.